ಹಾರುವ ವೀರರಲ್ಲಿ ಗಟ್ಟಿ ಯಾರು, ಜೊಳ್ಳು ಯಾರು?

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಅಂಜನಾಪುರದ ಹೆಸರು ಕೇಳಿದೊಡನೆ ಅಂಜನಾದೇವಿಯ ಮಗ ಹನುಮಂತ ನೆನಪಾಗುತ್ತಾನೆ. ಕಡಲು ಹಾರಿದ, ಬೆಟ್ಟ ಹೊತ್ತ ವೀರನ ಕಥೆ ಕೇಳಿ ಬೆಳೆದ ಮಕ್ಕಳಿಗೆ ಆಕಾಶದಲ್ಲಿ ಹಾರುವ ಸೂಪರ್‌ಮ್ಯಾನ್ ಆಗಲಿ, ಗೋಡೆ ಹತ್ತುವ ಸ್ಪೈಡರ್‌ಮ್ಯಾನ್ ಆಗಲಿ ತೀರ ಅಪರಿಚಿತರೇನಲ್ಲ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ದೂರದರ್ಶನದ ಮುಂದೆ ಕುಳಿತು ‘ಸ್ಪೈಡರ್‌ಮ್ಯಾನ್’, ‘ಹೀ-ಮ್ಯಾನ್’ ನೋಡಿದವರು ಇಂದು ತಾವೇ ಅಪ್ಪ-ಅಮ್ಮಂದಿರು. ‘ನಮ್ಮ ಕಾಲದ್ದೇ ಚೆಂದ’ ಎಂದು ಅವರು, ‘ಇದೇನು, ಬೊಂಬೆ ಅಲ್ಲಾಡುವುದೇ ಇಲ್ಲ’ ಎಂದು ಮಕ್ಕಳು! ಈ ಜಗಳಕ್ಕೆ ಉತ್ತರವಿದೆಯೇ?

ಚಿತ್ರಗಳ ಲೆಕ್ಕ

ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. 22 ನಿಮಿಷದ ಒಂದು ಕಂತಿಗೆ ಇವು 31,680 ಆಗುತ್ತವೆ. ಇಷ್ಟಕ್ಕೂ ಹೊಸ ಚಿತ್ರ ಬರೆಯುತ್ತ ಕುಳಿತರೆ ವಾರಕ್ಕೊಂದು ಕಂತು ಕೊಡುವುದು ಅಸಾಧ್ಯ. 1941ರಲ್ಲಿ ಫ್ಲೈಷರ್ ಸ್ಟುಡಿಯೋ ಚಿತ್ರಮಂದಿರಗಳಿಗಾಗಿ ‘ಸೂಪರ್‌ಮ್ಯಾನ್’ ಕಿರುಚಿತ್ರಗಳನ್ನು ಆರಂಭಿಸಿದಾಗ ಹಣಕ್ಕೂ ಸಮಯಕ್ಕೂ ಕೊರತೆ ಇರಲಿಲ್ಲ. ಅದರ ಚಲನೆ ಇಂದಿಗೂ ನೀರು ಹರಿದಂತಿದೆ.

ಟೆಲಿವಿಷನ್‌ಗೆ ಬಂದಾಗ ಪರಿಸ್ಥಿತಿ ಬದಲಾಯಿತು. 1966ರ ‘ಮಾರ್ವೆಲ್ ಸೂಪರ್ ಹೀರೋಸ್’ನಲ್ಲಿ ಕಾಮಿಕ್ಸ್ ಪುಟದ ಚಿತ್ರಗಳನ್ನೇ ನಕಲು ಮಾಡಿ ತುಟಿಯನ್ನೋ ಕೈಯನ್ನೋ ಅಲ್ಲಾಡಿಸಿದರು. 1967ರ ‘ಸ್ಪೈಡರ್‌ಮ್ಯಾನ್’ ಸರಣಿಯಲ್ಲಿ ನಾಯಕನ ಮುಖವಾಡ, ಕೈಗವಸು, ಬೂಟುಗಳ ಮೇಲೆ ಜೇಡರಬಲೆಯ ಗೆರೆಗಳಿವೆ. ಮೈಮೇಲೆ ಬಹುಮಟ್ಟಿಗೆ ಇಲ್ಲ. ಗೆರೆ ಕಡಿಮೆಯಾದಷ್ಟೂ ಕೆಲಸ ಕಡಿಮೆ. ಮುಂದಿನ ಕಂತುಗಳಲ್ಲಂತೂ ‘ರಾಕೆಟ್ ರಾಬಿನ್ ಹುಡ್’ ಎಂಬ ಬೇರೊಂದು ಸರಣಿಯ ದೃಶ್ಯಗಳನ್ನೇ ತಂದು ಜೋಡಿಸಲಾಯಿತು. ದೂರದರ್ಶನದಲ್ಲಿ ಇದನ್ನು ನೋಡಿದ ಮಕ್ಕಳಿಗೆ ಈ ಕಂತೆಯ ಸುಳಿವೇ ಸಿಗಲಿಲ್ಲ. ನೆನಪಿನಲ್ಲಿ ಉಳಿದದ್ದು ಹುರುಪು ಮಾತ್ರ.

1973ರಲ್ಲಿ ಬಂದ ‘ಸೂಪರ್ ಫ್ರೆಂಡ್ಸ್’ ಕಥೆ ಇನ್ನೊಂದು ಬಗೆಯದು. ಟಿವಿಯಲ್ಲಿ ಹೊಡೆದಾಟ ಹೆಚ್ಚಾಯಿತೆಂದು ಅಮೆರಿಕದ ಪಾಲಕರು ದನಿ ಎತ್ತಿದ್ದರಿಂದ ಅದರಲ್ಲಿ ಹೊಡೆದಾಟವನ್ನು ಬಹಳ ತಗ್ಗಿಸಿದರು. ಕಥೆ ಸಪ್ಪೆಯಾಯಿತು. ಹಾನಿಯಿಲ್ಲದ್ದೆಲ್ಲ ಒಳ್ಳೆಯದಾಗಬೇಕಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಕಪ್ಪು ಕಾಗದದ ಕ್ರಾಂತಿ

ದೊಡ್ಡ ತಿರುವು ಬಂದದ್ದು 1992ರಲ್ಲಿ. ಬ್ರೂಸ್ ಟಿಮ್ ಮತ್ತು ಎರಿಕ್ ರಾಡೋಮ್‌ಸ್ಕಿ ರೂಪಿಸಿದ ‘ಬ್ಯಾಟ್‌ಮ್ಯಾನ್’ ಸರಣಿಯ ಹಿನ್ನೆಲೆಗಳನ್ನು ಬಿಳಿಯ ಬದಲು ಕಪ್ಪು ಕಾಗದದ ಮೇಲೆ ಬರೆಯಲಾಯಿತು. ಇಡೀ ನಗರಕ್ಕೆ ಕತ್ತಲೆಯ ಬಣ್ಣ ತಾನಾಗಿಯೇ ಬಂತು. ಪಾತ್ರಗಳ ಗೆರೆಗಳು ಸರಳ. ಆದರೆ ಇಲ್ಲಿ ಸರಳತೆ ಬಡತನವಲ್ಲ, ಸೊಗಸು. ವಾದ್ಯವೃಂದದ ಸಂಗೀತ, ಕೆವಿನ್ ಕಾನ್‌ರಾಯ್ ಅವರ ಗಂಭೀರ ದನಿ ಇದಕ್ಕೆ ಮೆರುಗು ಕೊಟ್ಟವು.

ಇದಕ್ಕಿಂತ ಮುಖ್ಯವಾದದ್ದು ಕಥೆ. ಪಾಲ್ ಡೀನಿ ಬರೆದ ‘ಹಾರ್ಟ್ ಆಫ್ ಐಸ್’ ಕಂತಿನ ಖಳನಾಯಕ ಮಿಸ್ಟರ್ ಫ್ರೀಜ್. ಕಾಯಿಲೆಬಿದ್ದ ಹೆಂಡತಿಯನ್ನು ಉಳಿಸಲು ಹೋಗಿ, ಕಂಪನಿಯ ಯಜಮಾನನ ಕ್ರೌರ್ಯಕ್ಕೆ ಸಿಕ್ಕಿ ಎಲ್ಲವನ್ನೂ ಕಳೆದುಕೊಂಡವನು. ಕೆಟ್ಟವನು ಏಕೆ ಕೆಟ್ಟವನಾದ ಎಂದು ಮಗು ಮೊದಲ ಬಾರಿಗೆ ಯೋಚಿಸುತ್ತದೆ. ಈ ಕಂತಿನ ಬರವಣಿಗೆಗೆ ಡೇಟೈಮ್ ಎಮ್ಮಿ ಪ್ರಶಸ್ತಿಯೂ ಬಂತು.

ಅದೇ 1992ರಲ್ಲಿ ಆರಂಭವಾದ ‘ಎಕ್ಸ್-ಮೆನ್’ ಚಿತ್ರಕಲೆಯಲ್ಲಿ ಬ್ಯಾಟ್‌ಮ್ಯಾನ್‌ಗೆ ಸಾಟಿಯಲ್ಲ. ಆದರೆ ಹುಟ್ಟಿನಿಂದ ಬೇರೆಯಾಗಿರುವವರನ್ನು ಸಮಾಜ ದೂರವಿಡುವ ಬಗೆಯನ್ನು ಅದು ಧೈರ್ಯವಾಗಿ ಹೇಳಿತು. ಅಸ್ಪೃಶ್ಯತೆಯ ನೋವು ಕಂಡ ನಾಡಿನ ಮಕ್ಕಳಿಗೆ ಇದು ಅರ್ಥವಾಗದ ಮಾತೇನಲ್ಲ.

ಕನ್ನಡದ ಮಾತೆಲ್ಲಿ?

ಇಷ್ಟಾದರೂ ಈ ವೀರರು ಬಹುಕಾಲ ಕನ್ನಡ ಮಾತಾಡಲೇ ಇಲ್ಲ. ಡಬ್ಬಿಂಗ್ ಬೇಡವೆಂಬ ಚಿತ್ರರಂಗದ ಕಟ್ಟುಪಾಡು ದಶಕಗಳ ಕಾಲ ನಡೆದು ಬಂತು. ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದರ ಹಿಂದಿತ್ತು ಎಂಬುದೂ ನಿಜ. ಆದರೆ ಇಂಗ್ಲಿಷ್, ಹಿಂದಿ ಬಾರದ ಮಗುವಿಗೆ ಉಳಿದದ್ದು ಬರೀ ಜಿಗಿತ, ಗುದ್ದು. ಕಥೆಯ ಸತ್ವ ಮಾತಿನಲ್ಲೇ ಸೋರಿಹೋಯಿತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಕನ್ನಡದ ಕಾರ್ಟೂನುಗಳನ್ನು ಮನೆಗೆ ತಂದಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ನೀಡಿತು. 2023ರ ಹೊತ್ತಿಗೆ ಸ್ಪೈಡರ್‌ಮ್ಯಾನ್‌ನ ಹೊಸ ಅನಿಮೇಷನ್ ಚಿತ್ರವೇ ಕನ್ನಡದಲ್ಲೂ ತೆರೆಕಂಡಿತು.

ಪಾಲಕರು ಏನು ಮಾಡಬಹುದು?

ಸರಣಿಯೊಂದರ ತೂಕ ನೋಡಲು ಮೂರು ಪ್ರಶ್ನೆಗಳು ಸಾಕು. ಖಳನಿಗೆ ಕಾರಣವಿದೆಯೇ? ನಾಯಕ ಬಲದಿಂದಷ್ಟೇ ಅಲ್ಲದೆ ಬುದ್ಧಿಯಿಂದಲೂ ಗೆಲ್ಲುತ್ತಾನೆಯೇ? ಕಂತು ಮುಗಿದ ಮೇಲೆ ಮಗು ಪ್ರಶ್ನೆ ಕೇಳುತ್ತದೆಯೇ, ಇಲ್ಲವೇ ಮಂಚದಿಂದ ಜಿಗಿಯುತ್ತದೆಯೇ? ಜಿಗಿಯುವ ಮಗುವಿಗೆ ಬೈಗುಳ ಬೇಡ. ಒಂದು ಸೆಕೆಂಡ್ ಹಾರಲು ಎಷ್ಟು ಚಿತ್ರ ಬೇಕೆಂದು ಲೆಕ್ಕ ಹಾಕಲು ಹೇಳಿ. ಹಳೆಯ ನೋಟ್‌ಬುಕ್ಕಿನ ಅಂಚುಗಳಲ್ಲಿ ಒಂದೊಂದೇ ಚಿತ್ರ ಬರೆದು ಹಾಳೆಗಳನ್ನು ಸರಸರನೆ ಬಿಟ್ಟರೆ ಬೊಂಬೆ ಹಾರುತ್ತದೆ. ಹಾರಿಸಿದವನು ಯಾರೆಂಬುದು ಆಗ ಮಗುವಿಗೆ ತಾನಾಗಿಯೇ ತಿಳಿಯುತ್ತದೆ.