ಎಂಜಿನ್ನಿನ ತಡವರಿಕೆಯೂ ದೋಷಸಂಕೇತಗಳ ಸಾಕ್ಷ್ಯವೂ

ಪೆಟ್ರೋಲ್ ಕಾರಿನ ಎಂಜಿನ್ನು ನಿಂತಲ್ಲಿಯೇ ನಡುಗುವುದನ್ನೂ ಏರಿನಲ್ಲಿ ಮುಗ್ಗರಿಸುವುದನ್ನೂ ಗ್ಯಾರೇಜುಗಳ ಆಡುಮಾತಿನಲ್ಲಿ ‘ಮಿಸ್ಸಿಂಗ್’ ಎನ್ನುತ್ತಾರೆ. ನಾಲ್ಕು ಸಿಲಿಂಡರುಗಳಲ್ಲಿ ಯಾವುದೋ ಒಂದು ತನ್ನ ಸರದಿಯ ದಹನವನ್ನು ತಪ್ಪಿಸಿಕೊಂಡಿದೆ ಎಂಬುದು ಅದರ ಅರ್ಥ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ನುರಿತ ಮೇಸ್ತ್ರಿಯು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ, ಯಾವುದನ್ನು ಕಳಚಿದರೂ ಎಂಜಿನ್ನಿನ ದನಿ ಬದಲಾಗದೋ ಅದೇ ಸತ್ತ ಸಿಲಿಂಡರೆಂದು ಕಿವಿಯಿಂದಲೇ ನಿರ್ಣಯಿಸುತ್ತಿದ್ದನು. ಇಂದು ಆ ಕಾರ್ಯವನ್ನು ಕಾರಿನೊಳಗಿನ ಗಣಕಯಂತ್ರವೇ ನಡೆಸಿ, ತಾನು ಕಂಡದ್ದನ್ನು ಸಂಕೇತರೂಪದಲ್ಲಿ ಬರೆದಿಡುತ್ತದೆ. ಆದರೆ ಈ ಸಂಕೇತವು ಸಾಕ್ಷಿಯ ಹೇಳಿಕೆಯೇ ಹೊರತು ನ್ಯಾಯಾಧೀಶನ ತೀರ್ಪಲ್ಲ. ಇದನ್ನು ತಿಳಿಯದೆ ಸುಸ್ಥಿತಿಯಲ್ಲಿರುವ ಬಿಡಿಭಾಗಗಳನ್ನು ಕಿತ್ತೆಸೆದು ಸಾವಿರಾರು ರೂಪಾಯಿ ವ್ಯಯಿಸಿದವರು ಅನೇಕರಿದ್ದಾರೆ.

ಈ ಪದ್ಧತಿಯು ಹುಟ್ಟಿದ್ದು ದುರಸ್ತಿಯ ಅನುಕೂಲಕ್ಕಾಗಿ ಅಲ್ಲ, ಹೊಗೆಯ ನಿಯಂತ್ರಣಕ್ಕಾಗಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1988ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಸ್ವಯಂತಪಾಸಣೆಯ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. 1996ರ ಮಾದರಿಯಿಂದ ಆ ದೇಶದ ಎಲ್ಲ ಕಾರುಗಳಿಗೂ ಒಂದೇ ಬಗೆಯ ಹದಿನಾರು ಮೊಳೆಗಳ ಜೋಡಣೆ ಮತ್ತು ಸಮಾನ ಸಂಕೇತಗಳು ಬಂದವು. ಭಾರತದಲ್ಲಿ ಇದರ ಮೊದಲ ಹಂತ 2010ರಲ್ಲಿಯೂ ಎರಡನೆಯ ಹಂತ 2013ರಲ್ಲಿಯೂ ಜಾರಿಗೆ ಬಂದಿತು. ಆದ್ದರಿಂದಲೇ ಇಂದು ಸಣ್ಣ ಊರಿನ ಗ್ಯಾರೇಜಿನಲ್ಲಿಯೂ ಸ್ಕ್ಯಾನರ್ ಕಾಣಸಿಗುತ್ತದೆ.

‘ಪಿ 0302’ ಎಂಬ ಸಂಕೇತವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ‘ಪಿ’ ಎಂದರೆ ಎಂಜಿನ್ ಮತ್ತು ಗೇರುಗಳ ವಿಭಾಗ; ಮೊದಲ ಸೊನ್ನೆ ಇದು ಎಲ್ಲ ತಯಾರಕರಿಗೂ ಸಮಾನವಾದ ಸಂಕೇತವೆಂಬುದನ್ನು ಹೇಳುತ್ತದೆ; ಮೂರು ದಹನಕ್ಕೆ ಸಂಬಂಧಿಸಿದ್ದು; ಕೊನೆಯ ಎರಡು ಅಂಕಿಗಳು ಎರಡನೆಯ ಸಿಲಿಂಡರನ್ನು ಸೂಚಿಸುತ್ತವೆ. ಗಣಕವು ಇದನ್ನು ಅರಿಯುವ ಬಗೆ ಸೋಜಿಗದ್ದು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ 180 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಸಿಲಿಂಡರು ಸಿಡಿದು ಅದನ್ನು ಮುಂದಕ್ಕೆ ತಳ್ಳಬೇಕು. ಸಿಡಿಯದಿದ್ದರೆ ಶಾಫ್ಟು ಕ್ಷಣಾರ್ಧದಷ್ಟೂ ಅಲ್ಲದ ಒಂದಿಷ್ಟು ಕಾಲ ನಿಧಾನವಾಗುತ್ತದೆ. ಆ ನಿಧಾನಗತಿಯನ್ನು ಸಂವೇದಕವು ಹಿಡಿಯುತ್ತದೆ. (ಹಳ್ಳಕೊಳ್ಳದ ರಸ್ತೆಯ ಕುಲುಕಾಟವೂ ಶಾಫ್ಟಿನ ಗತಿಯನ್ನು ಕದಡಬಲ್ಲುದು, ಅದನ್ನು ದೋಷವೆಂದು ತಿಳಿಯದಂತೆ ತಯಾರಕರು ಪ್ರತ್ಯೇಕ ಎಚ್ಚರ ವಹಿಸಬೇಕಾಗುತ್ತದೆ.)

ಎಂದರೆ, ಗಣಕಕ್ಕೆ ತಿಳಿದದ್ದು ಎರಡನೆಯ ಸಿಲಿಂಡರು ತಳ್ಳಲಿಲ್ಲ ಎಂಬುದಷ್ಟೇ. ಏಕೆ ತಳ್ಳಲಿಲ್ಲ? ಪ್ಲಗ್ ಸವೆದಿರಬಹುದು, ಇಗ್ನಿಷನ್ ಕಾಯಿಲ್ ಕೆಟ್ಟಿರಬಹುದು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು, ವಾಲ್ವ್ ಸುಟ್ಟು ಕಂಪ್ರೆಷನ್ ಸೋರುತ್ತಿರಬಹುದು. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಕಾರುಗಳಲ್ಲಿ ಇದನ್ನು ಕಾಸಿನ ಖರ್ಚಿಲ್ಲದೆ ಪರೀಕ್ಷಿಸಬಹುದು. ಎಂಜಿನ್ ನಿಲ್ಲಿಸಿ, ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಸಂಕೇತವನ್ನು ಅಳಿಸಿ, ಕಾರನ್ನು ಓಡಿಸಬೇಕು. ಸಂಕೇತ ‘ಪಿ 0303’ ಆಗಿ ಬದಲಾದರೆ ಅಪರಾಧಿ ಕಾಯಿಲ್ಲೇ. ‘ಪಿ 0302’ ಆಗಿಯೇ ಉಳಿದರೆ ಪ್ಲಗ್ಗಿಗೂ ಇದೇ ಪರೀಕ್ಷೆ. ಆಮೇಲೆ ಇಂಜೆಕ್ಟರ್, ಕಡೆಗೆ ಕಂಪ್ರೆಷನ್. ಎಂಜಿನ್ ನಡೆಯುತ್ತಿರುವಾಗಲೇ ತಂತಿ ಕಳಚುವ ಹಳೆಯ ಮೇಸ್ತ್ರಿಯ ಪದ್ಧತಿಯನ್ನು ಮಾತ್ರ ಈ ಕಾರುಗಳಲ್ಲಿ ಅನುಸರಿಸಲಾಗದು, ಕಾಯಿಲ್ ಸುಟ್ಟುಹೋಗಬಹುದು.

ಎರಡು ಸಂಕೇತಗಳು ಜೊತೆಗೂಡಿದಾಗ ಸಾಕ್ಷ್ಯವು ಇನ್ನಷ್ಟು ಗೋಜಲಾಗುತ್ತದೆ. ‘ಪಿ 0171’ ಎಂದರೆ ಮಿಶ್ರಣದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲವೆಂದು ಅರ್ಥ. ಇದನ್ನು ತಿಳಿಸುವ ಆಕ್ಸಿಜನ್ ಸೆನ್ಸರ್ ಹೊಗೆಕೊಳವೆಯಲ್ಲಿ ಆಮ್ಲಜನಕವನ್ನಷ್ಟೇ ಅಳೆಯುತ್ತದೆ. ಸುಡದೆ ಹೋದ ಪೆಟ್ರೋಲ್ ಅದಕ್ಕೆ ಕಾಣದು. ಸಿಲಿಂಡರೊಂದು ಸಿಡಿಯದೆ ಹೋದಾಗ ಅದರ ಗಾಳಿಯೆಲ್ಲ ಹಾಗೆಯೇ ಹೊರಬಂದು, ಮಿಶ್ರಣ ತೆಳುವಾಗಿದೆ ಎಂಬ ಭ್ರಮೆ ಹುಟ್ಟಿಸಬಹುದು. ಅಲ್ಲಿ ಸೆನ್ಸರ್ ಸುಳ್ಳಾಡಿಲ್ಲ. ಕೇಳಿದವರು ತಪ್ಪಾಗಿ ತಿಳಿದಿದ್ದಾರೆ. ಇಂಥ ಕಾರಿಗೆ ಹೊಸ ಸೆನ್ಸರ್ ತಂದು ಹಾಕುವುದು ವ್ಯರ್ಥ.

ಅದರೊಡನೆ ‘ಪಿ 0300’, ಅಂದರೆ ಯಾವೊಂದು ಸಿಲಿಂಡರಿಗೂ ಸೀಮಿತವಲ್ಲದ ತಡವರಿಕೆ ಕಂಡರೆ ವಿಚಾರ ಬೇರೆ. ಆಗ ಗಣಕವು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ ಎಂಬುದನ್ನು ಸ್ಕ್ಯಾನರಿನಲ್ಲಿ ನೋಡಬೇಕು. ಕಾರು ನಿಂತಿರುವಾಗ ಈ ತಿದ್ದುಪಡಿ ಬಹಳವಿದ್ದು, ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತುಗಳಿಗೆ ಏರಿಸಿದಾಗ ಇಳಿದರೆ, ಬಿರುಕುಬಿಟ್ಟ ರಬ್ಬರ್ ನಳಿಕೆಯಿಂದಲೋ ಹಳಸಿದ ಗ್ಯಾಸ್ಕೆಟ್ಟಿನಿಂದಲೋ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತಿದೆ ಎಂದು ಸಂಶಯಿಸಬಹುದು. ವೇಗ ಹೆಚ್ಚಿದಂತೆ ತಿದ್ದುಪಡಿಯೂ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರು, ಗಾಳಿಯನ್ನು ಅಳೆಯುವ ಸೆನ್ಸರಿನ ಕೊಳೆ, ಇವುಗಳ ಕಡೆ ದೃಷ್ಟಿ ಹರಿಸಬೇಕು.

ಎಂಜಿನ್ ದೀಪವು ಸ್ಥಿರವಾಗಿ ಉರಿದರೆ ಗ್ಯಾರೇಜಿನವರೆಗೆ ನಿಧಾನವಾಗಿ ಹೋಗಬಹುದು. ಮಿನುಗತೊಡಗಿದರೆ ತಡಮಾಡಲಾಗದು. ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಪ್ಲಾಟಿನಂ, ಪಲ್ಲಾಡಿಯಂಗಳಂತಹ ಬೆಲೆಬಾಳುವ ಲೋಹಗಳನ್ನು ಲೇಪಿಸಿದ ಆ ಭಾಗವನ್ನೇ ಕರಗಿಸಬಲ್ಲುದು. ಒಂದು ಪ್ಲಗ್ಗಿನ ಬೆಲೆಯಲ್ಲಿ ಮುಗಿಯಬೇಕಾದ ಕೆಲಸ ಆಗ ಅದರ ಎಷ್ಟೋ ಪಾಲು ಬೆಳೆಯುತ್ತದೆ.

ಅಳಿಸುವ ಮುನ್ನ ಸಂಕೇತವನ್ನು ಬರೆದಿಟ್ಟುಕೊಳ್ಳುವುದು ಅವಶ್ಯಕ. ಅದರೊಡನೆ ದೋಷ ತಲೆದೋರಿದ ಗಳಿಗೆಯ ವೇಗ, ಉಷ್ಣತೆ, ಭಾರಗಳ ದಾಖಲೆಯೂ ಅಳಿದುಹೋಗುತ್ತದೆ. ಹಳೆಯ ಕಾರನ್ನು ಕೊಳ್ಳುವವರು ಇದರ ಇನ್ನೊಂದು ಮಗ್ಗುಲನ್ನೂ ಬಲ್ಲವರಾಗಿರಬೇಕು. ಮಾರುವವನು ಹಿಂದಿನ ದಿನವಷ್ಟೇ ಸಂಕೇತ ಅಳಿಸಿದ್ದರೆ ದೀಪ ಆರಿರುತ್ತದೆ. ಆದರೆ ಗಣಕದ ಸ್ವಯಂಪರೀಕ್ಷೆಗಳಲ್ಲಿ ಕೆಲವು ಇನ್ನೂ ಪೂರ್ಣಗೊಂಡಿಲ್ಲವೆಂಬುದನ್ನು ಸ್ಕ್ಯಾನರ್ ತೋರಿಸುತ್ತದೆ. ಬ್ಯಾಟರಿಯ ತಂತಿಯನ್ನು ಕಳಚಿ ಕೂಡಿಸಿದ್ದರೂ ಹಾಗೆಯೇ ಕಾಣಬಹುದು. ಆದ್ದರಿಂದ ಅಂಥ ಕಾರನ್ನು ಕೆಲವು ದಿನ ಓಡಿಸಿ, ಮತ್ತೊಮ್ಮೆ ಪರೀಕ್ಷಿಸಿದ ಬಳಿಕವೇ ಮುಂಗಡ ಕೊಡುವುದು ಲೇಸು.