ಪ್ರಾಣಿಗಳ ಆಯುರ್ಮಾನ: ಖಾನಾಪುರದ ಬಾವಲಿಯ ನಿದರ್ಶನ

ಪ್ರಾಣಿಗಳ ಆಯುಸ್ಸು ಎಂಬ ಮಾತಿನಲ್ಲಿ ಎರಡು ಅರ್ಥಗಳು ಅಡಗಿವೆ. ಎಲ್ಲ ಅನುಕೂಲಗಳೂ ಒದಗಿದಾಗ ಒಂದು ಜಾತಿಯ ಪ್ರಾಣಿ ಬದುಕಬಲ್ಲ ಪರಮಾವಧಿ ಒಂದು. ಹುಟ್ಟಿದವು ನಿಜವಾಗಿ ಬದುಕುವ ಸರಾಸರಿ ಕಾಲ ಇನ್ನೊಂದು. ಕೃಷ್ಣಮೃಗವು ರಕ್ಷಣೆಯಲ್ಲಿದ್ದರೆ ಹದಿನೈದು ವರ್ಷಗಳವರೆಗೂ ಬದುಕಬಲ್ಲದು. ಆದರೆ ಬೆಳಗಾವಿ ನಗರಕ್ಕೆ ಸಮೀಪದ ಭೂತರಾಮನಹಟ್ಟಿಯ ಮೃಗಾಲಯದಲ್ಲಿ 2025ರ ನವೆಂಬರಿನಲ್ಲಿ ಸುಮಾರು 30 ಕೃಷ್ಣಮೃಗಗಳು ಗಳಲೆ ರೋಗಕ್ಕೆ ತುತ್ತಾಗಿ ಕೆಲವೇ ದಿನಗಳಲ್ಲಿ ಸತ್ತವು. ಪರಮಾವಧಿಯು ದೇಹಧರ್ಮಕ್ಕೆ ಸೇರಿದ್ದು. ಸರಾಸರಿಯನ್ನು ರೋಗ, ಬರ, ಬೇಟೆ ಮೊದಲಾದ ಹೊರಗಿನ ಕಾರಣಗಳು ತಗ್ಗಿಸುತ್ತವೆ. ಇವೆರಡಕ್ಕೂ ಇರುವ ಸಂಬಂಧವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸಸ್ತನಿಗಳಲ್ಲಿ ದೇಹ ದೊಡ್ಡದಾದಂತೆ ಆಯುಸ್ಸೂ ಹೆಚ್ಚುವುದು ಸಾಮಾನ್ಯ ನಿಯಮ. ಚಿಟ್ಟಿಲಿಗೆ ಎರಡು ಮೂರು ವರ್ಷ, ನಾಯಿಗೆ ಹತ್ತು ಹದಿನೈದು ವರ್ಷ, ಆನೆಗೆ ಅರುವತ್ತು ಎಪ್ಪತ್ತು ವರ್ಷ. ಇಲಿಯ ಹೃದಯ ನಿಮಿಷಕ್ಕೆ ಸುಮಾರು 600 ಸಲ ಬಡಿದರೆ ಆನೆಯದು ಸುಮಾರು 30 ಸಲ ಮಾತ್ರ. ಬೇಗ ಉರಿಯುವ ದೀಪ ಬೇಗ ಆರುವಂತೆ, ವೇಗವಾಗಿ ಬದುಕುವ ಜೀವಿ ಬೇಗ ಮುಗಿಯುತ್ತದೆಂದು ಜರ್ಮನಿಯ ಮ್ಯಾಕ್ಸ್ ರುಬ್ನರ್ 1908ರಲ್ಲಿ ಪ್ರತಿಪಾದಿಸಿದನು.

ಈ ವಾದವನ್ನು ಮುರಿಯುವ ಪ್ರಾಣಿ ಬಾವಲಿ. ಹಾರುವಾಗ ಅದರ ದೇಹವು ವ್ಯಯಿಸುವ ಶಕ್ತಿ ಅಪಾರ. ಆದರೂ ಸೈಬೀರಿಯದಲ್ಲಿ ಗುರುತಿನ ಬಳೆ ತೊಡಿಸಿ ಬಿಟ್ಟಿದ್ದ, ಸುಮಾರು 7 ಗ್ರಾಂ ತೂಗುವ ಬ್ರಾಂಟ್ ಬಾವಲಿಯೊಂದು 41 ವರ್ಷಗಳ ತರುವಾಯ ಜೀವಂತವಾಗಿ ದೊರೆಯಿತು. ಚಳಿಗಾಲದ ದೀರ್ಘನಿದ್ರೆಯೇ ಇದಕ್ಕೆ ಪೂರ್ಣ ಕಾರಣವೆನ್ನಲಾಗದು. ಅಂಥ ನಿದ್ರೆಯಿಲ್ಲದ ನಮ್ಮ ಹಣ್ಣುತಿನ್ನುವ ದೊಡ್ಡ ಬಾವಲಿಯೂ ಪಂಜರದಲ್ಲಿ ಮೂವತ್ತು ವರ್ಷಗಳನ್ನು ದಾಟಿರುವುದುಂಟು.

ಇದರ ವಿವರಣೆಗೆ ಪೀಟರ್ ಮೆಡವಾರ್ (1952) ಮತ್ತು ಜಾರ್ಜ್ ವಿಲಿಯಮ್ಸ್ (1957) ದಾರಿ ತೋರಿದರು. ಹಾವು, ಗೂಬೆ, ಬೆಕ್ಕುಗಳಿಗೆ ಬಲಿಯಾಗುವ ಇಲಿಗಳಲ್ಲಿ ಮುಪ್ಪಿನವರೆಗೆ ಉಳಿಯುವವು ತೀರ ವಿರಳ. ಆದುದರಿಂದ ಮುಪ್ಪಿನಲ್ಲಿ ತಲೆದೋರುವ ದೋಷಗಳನ್ನು ನಿಸರ್ಗದ ಆಯ್ಕೆಯು ತೊಡೆದುಹಾಕಲಾರದು. ರೆಕ್ಕೆಯಿಂದ ಶತ್ರುವನ್ನು ತಪ್ಪಿಸಿಕೊಂಡು, ಹಗಲೆಲ್ಲ ಗುಹೆಯಲ್ಲಿ ಅಡಗಿರುವ ಬಾವಲಿಗಾದರೋ ದೇಹವನ್ನು ಬಹುಕಾಲ ಸುಸ್ಥಿತಿಯಲ್ಲಿಟ್ಟುಕೊಳ್ಳುವುದರಿಂದ ಲಾಭವುಂಟು. ಹೊರಗಿನ ಅಪಾಯ ಕಡಿಮೆಯಾದಲ್ಲಿ, ತಲೆಮಾರುಗಳು ಕಳೆದಂತೆ, ಒಳಗಿನ ಪರಮಾವಧಿಯೂ ಬೆಳೆಯುತ್ತದೆ.

ದೀರ್ಘಾಯುಸ್ಸಿಗೆ ತೆರಬೇಕಾದ ಬೆಲೆಯೂ ಒಂದುಂಟು, ಅದೇ ಅಲ್ಪಸಂತಾನ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ, ಕೃಷ್ಣಾಪುರ ಮತ್ತು ತಳೇವಾಡಿಗಳ ನಡುವೆ ಇರುವ ಬಾರಾಪೇಡೆ ಗುಹೆಯ ಬಾವಲಿಯನ್ನು ಈ ದೃಷ್ಟಿಯಿಂದ ನೋಡಬೇಕು. ಎಸ್. ಎಚ್. ಪ್ರೇಟರ್ 1912ರಲ್ಲಿ ಇದನ್ನು ಸಂಗ್ರಹಿಸಿದರು. ಮರುವರ್ಷ ಓಲ್ಡ್‌ಫೀಲ್ಡ್ ಥಾಮಸ್, ಅರಣ್ಯಾಧಿಕಾರಿ ರಾಟನ್ ಅವರ ಹೆಸರನ್ನು ಸೇರಿಸಿ ಇದಕ್ಕೆ ಒಟೊಮಾಪ್ಸ್ ರಾಟೊನಿ ಎಂದು ನಾಮಕರಣ ಮಾಡಿದರು. ಆ ಶತಮಾನ ಮುಗಿಯುವ ಹೊತ್ತಿನವರೆಗೂ ಜಗತ್ತಿಗೆ ತಿಳಿದಿದ್ದ ಇದರ ನೆಲೆ ಇದೊಂದೇ ಗುಹೆ. ಅನಂತರ ಕಾಂಬೋಡಿಯ ಮತ್ತು ಮೇಘಾಲಯಗಳಲ್ಲಿಯೂ ಕಂಡುಬಂದಿದೆ. ಭೀಮಗಡವು 2011ರಲ್ಲಿ ವನ್ಯಜೀವಿಧಾಮವಾಯಿತು.

ಈ ಬಾವಲಿಯು ಒಂದು ಸಲಕ್ಕೆ ಹೆರುವುದು ಒಂದೇ ಮರಿ. ವರ್ಷಕ್ಕೊಂದು ಮರಿಯಂತೆ ಹುಟ್ಟಿ, ಅವುಗಳಲ್ಲಿ ಅರ್ಧ ಮಾತ್ರ ಪ್ರಾಯಕ್ಕೆ ಬರುತ್ತವೆಂದು ಭಾವಿಸೋಣ. ಹಾಗಾದರೆ ಒಂದು ಗಂಡು ಒಂದು ಹೆಣ್ಣನ್ನು ಬಿಟ್ಟುಹೋಗಲು ತಾಯಿಯು ನಾಲ್ಕು ವರ್ಷ ಸತತವಾಗಿ ಹೆರಬೇಕು. ಇಲಿಗಾದರೋ ಇಷ್ಟು ಕೆಲಸಕ್ಕೆ ಒಂದು ಸೂಲು ಸಾಕು. ಗುಹೆಯಲ್ಲಿ ಹೊಗೆಯೆಬ್ಬಿಸಿದಾಗ ಅಥವಾ ಜನರ ಗದ್ದಲವಾದಾಗ ಪ್ರಾಯದ ಬಾವಲಿಗಳು ಸತ್ತರೆ, ಅವುಗಳ ಜೊತೆಗೆ ಮುಂದಿನ ಹಲವು ವರ್ಷಗಳ ಸಂತಾನವೂ ನಷ್ಟವಾಗುತ್ತದೆ. ದೀರ್ಘಕಾಲ ಬದುಕುವ ಪ್ರಾಣಿ ಗಟ್ಟಿಯಾದುದು, ಅದಕ್ಕೆ ರಕ್ಷಣೆ ಬೇಕಿಲ್ಲ ಎಂಬ ಎಣಿಕೆ ಈ ಕಾರಣದಿಂದ ಸರಿಯಲ್ಲ. ಇಲಿಯ ಕುಲವನ್ನು ಅದರ ಸಂತಾನ ಕಾಯುತ್ತದೆ. ಬಾವಲಿಯ ಕುಲವನ್ನು ಕಾಯುವುದು ಬೆಳೆದ ಬಾವಲಿಯ ಆಯುಸ್ಸೇ.