ಶಾಸನಸಭೆಯಿಂದ ನಗರಪೀಠಕ್ಕೆ

ಪಶ್ಚಿಮ ಬೆಂಗಳೂರಿನ ರಾಜಾಜಿನಗರಕ್ಕೆ ಆ ಹೆಸರು ಯಾರಿಂದ ಬಂದಿತೆಂಬುದು ನಮ್ಮ ವಾಚಕ ಮಹಾಶಯರಿಗೆ ವಿದಿತವೇ ಇದೆ. ಆದರೆ ಶ್ರೀ ಚಕ್ರವರ್ತಿ ರಾಜಗೋಪಾಲಾಚಾರ್ಯರು 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾಗುವುದಕ್ಕೆ ಬಹಳ ಮೊದಲೇ, 1917ರಿಂದ 1919ರ ವರೆಗೆ ಸೇಲಂ ಪುರಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತು ನೀರು, ಬೀದಿ, ಚರಂಡಿಗಳ ವಿಚಾರವನ್ನು ನೋಡಿಕೊಂಡವರೆಂಬುದು ಅಷ್ಟಾಗಿ ಯಾರ ನೆನಪಿನಲ್ಲಿಯೂ ಇಲ್ಲ. ಸರ್ದಾರ್ ಪಟೇಲರು ಅಹಮದಾಬಾದಿನಲ್ಲಿಯೂ, ಪಂಡಿತ ಜವಾಹರಲಾಲರು ಅಲಹಾಬಾದಿನಲ್ಲಿಯೂ ಇದೇ ಕಾರ್ಯವನ್ನು ಮಾಡಿದ್ದರು. ಪುರಸಭೆಯೇ ಆ ಮಹನೀಯರಿಗೆ ರಾಜ್ಯಭಾರದ ಪಾಠಶಾಲೆಯಾಗಿದ್ದಿತು.

ಪುರಸಭೆಯಿಂದ ಶಾಸನಸಭೆಗೆ ಏರುವುದು ಲೋಕರೂಢಿ. ಶಾಸನಸಭೆಯಲ್ಲಿ ಹೆಸರು ಪಡೆದವರು ನಗರದ ಮೇಯರ್ ಪೀಠಕ್ಕೆ ಬರುವುದು ವಿರಳ. ಹಾಗೆ ಬಂದವರಲ್ಲಿ ದೇಶಬಂಧು ಚಿತ್ತರಂಜನ ದಾಸರು ಅಗ್ರಗಣ್ಯರು. 1923ರ ಚುನಾವಣೆಯಲ್ಲಿ ಗೆದ್ದು ಬಂಗಾಳದ ಶಾಸನ ಪರಿಷತ್ತಿನಲ್ಲಿ ಸ್ವರಾಜ್ಯಪಕ್ಷದ ಮುಖಂಡರಾಗಿದ್ದ ಅವರು, 1924ರಲ್ಲಿ ಕಲ್ಕತ್ತಾ ನಗರದ ಮೇಯರ್ ಆದರು. ಅವರಿಗೆ ಕೀರ್ತಿಯ ಕೊರತೆಯಿರಲಿಲ್ಲ. ಉಚಿತ ಪ್ರಾಥಮಿಕ ಶಿಕ್ಷಣ, ಬಡವರಿಗೆ ಔಷಧೋಪಚಾರ, ಕಲಬೆರಕೆಯಿಲ್ಲದ ಆಹಾರ ಮತ್ತು ಹಾಲು, ಇವೇ ಅವರು ನಗರದ ಮುಂದೆ ಇಟ್ಟ ಕಾರ್ಯಕ್ರಮ. ಆಡಳಿತದ ಮುಖ್ಯಾಧಿಕಾರಿಯ ಸ್ಥಾನಕ್ಕೆ ತರುಣ ಸುಭಾಷಚಂದ್ರ ಬೋಸರು ಬಂದರು. 1925ರ ಜೂನ್ 16ರಂದು ದೇಶಬಂಧುಗಳು ತೀರಿಕೊಂಡರಾದರೂ, ಮೇಯರನ ಪೀಠವು ಬರಿಯ ಅಲಂಕಾರದ ಕುರ್ಚಿಯಲ್ಲವೆಂಬುದನ್ನು ಅವರು ತೋರಿಸಿಕೊಟ್ಟಿದ್ದರು.

ನಮಗೆ ಹತ್ತಿರದ ಉದಾಹರಣೆ ನೆರೆಯ ಚೆನ್ನೈ. ಅಲ್ಲಿ 1973ರಲ್ಲಿ ವಿಸರ್ಜನೆಗೊಂಡ ನಗರಸಭೆಗೆ 23 ವರ್ಷಗಳ ಕಾಲ ಚುನಾವಣೆಯೇ ಇರಲಿಲ್ಲ. 1996ರಲ್ಲಿ ಚುನಾವಣೆ ನಡೆದಾಗ, ಅದೇ ವರ್ಷ ಎರಡನೆಯ ಸಲ ಶಾಸಕರಾಗಿ ಆಯ್ಕೆಯಾಗಿದ್ದ ಶ್ರೀ ಎಂ. ಕೆ. ಸ್ಟಾಲಿನ್ ಅವರನ್ನು ಮತದಾರರು ನೇರವಾಗಿ ಮೇಯರ್ ಆಗಿ ಆರಿಸಿದರು. 2001ರಲ್ಲಿ ಮತ್ತೊಮ್ಮೆ ಆರಿಸಿದರು. ಒಬ್ಬನೇ ವ್ಯಕ್ತಿಯು ಎರಡು ಚುನಾಯಿತ ಸ್ಥಾನಗಳಲ್ಲಿ ಇರಕೂಡದೆಂದು 2002ರಲ್ಲಿ ಕಾನೂನು ಬಂದ ಮೇಲೆ ಮೇಯರ್ ಸ್ಥಾನ ಹೋಯಿತು, ಶಾಸಕ ಸ್ಥಾನ ಉಳಿಯಿತು. 2021ರಲ್ಲಿ ಅವರು ಮುಖ್ಯಮಂತ್ರಿಯಾದರು. ಆ ಕಾನೂನು ಪಕ್ಷವೈರದಿಂದ ಹುಟ್ಟಿತೆಂದು ಕೆಲವರು ಹೇಳುವರು. ಅದು ಹೇಗೇ ಇರಲಿ, ಶಾಸಕನೊಬ್ಬನು ಅಪೇಕ್ಷೆಪಟ್ಟು ಬರುವಷ್ಟು ಬೆಲೆ ಆ ಪೀಠಕ್ಕಿದ್ದಿತು ಎಂಬುದು ನಿರ್ವಿವಾದ.

ಬೆಂಗಳೂರಿನಲ್ಲಿ ಏಣಿಯು ಒಂದೇ ಕಡೆಗೆ ಏರುತ್ತದೆ. 1949ರಲ್ಲಿ ನಗರ ಮತ್ತು ದಂಡಿನ ಎರಡು ಪುರಸಭೆಗಳು ಕೂಡಿ ಕಾರ್ಪೊರೇಷನ್ ಆಯಿತು, ಶ್ರೀ ಆರ್. ಸುಬ್ಬಣ್ಣನವರು ಮೊದಲ ಮೇಯರ್ ಆದರು. ಅಂದಿನಿಂದ ಕಾರ್ಪೊರೇಷನ್ ಸಭಾಂಗಣದಲ್ಲಿ ಕಲಿತು ವಿಧಾನಸೌಧಕ್ಕೆ ಹೋದವರು ಹಲವರು. ರಾಜಾಜಿನಗರವನ್ನು ಪ್ರತಿನಿಧಿಸಿದ ಶ್ರೀ ಎಸ್. ಸುರೇಶ್‌ಕುಮಾರ್ ಅವರು ಮೊದಲು ಕಾರ್ಪೊರೇಟರ್ ಆಗಿದ್ದು, 1994ರಲ್ಲಿ ಶಾಸಕರಾದವರು. 2016ರಲ್ಲಿ ಮೇಯರ್ ಆದ ಶ್ರೀಮತಿ ಜಿ. ಪದ್ಮಾವತಿಯವರು 2018ರಲ್ಲಿ ಅದೇ ಕ್ಷೇತ್ರದಿಂದ ವಿಧಾನಸಭೆಗೆ ಸ್ಪರ್ಧಿಸಿ ಸೋತರು. ಮೇಯರ್ ಆದವರು ಶಾಸಕರಾಗಬಯಸುವರು. ಶಾಸಕರಾದವರು ಮೇಯರ್ ಆಗಬಯಸುವುದಿಲ್ಲ. ಇದಕ್ಕೆ ಕಾರಣವೇನು?

ಮಹಾಲಕ್ಷ್ಮಿ ಲೇಔಟ್ ಕ್ಷೇತ್ರದ ಇತಿಹಾಸದಲ್ಲಿ ಇದರ ಉತ್ತರವಿದೆ. 2015ರ ಆಗಸ್ಟಿನಲ್ಲಿ ನಡೆದ ಮಹಾನಗರ ಪಾಲಿಕೆಯ ಚುನಾವಣೆಯಲ್ಲಿ 198 ವಾರ್ಡುಗಳ ಪೈಕಿ ಭಾಜಪವು 100, ಕಾಂಗ್ರೆಸ್ 76, ಜನತಾದಳ 14, ಇತರರು 8 ಸ್ಥಾನ ಪಡೆದರು. ಬಹುಮತ ಪಡೆದ ಪಕ್ಷಕ್ಕೆ ಪೀಠ ದಕ್ಕಲಿಲ್ಲ. ನಗರಸಭೆಗಳಲ್ಲಿ ಶಾಸಕರಿಗೂ ಸಂಸತ್ ಸದಸ್ಯರಿಗೂ ಸ್ಥಾನ ಕೊಡಲು ಸಂವಿಧಾನದ 74ನೆಯ ತಿದ್ದುಪಡಿಯು ಅವಕಾಶ ನೀಡಿರುವುದರಿಂದ, ಅವರ ಮತಗಳೂ ಪಕ್ಷೇತರರ ಮತಗಳೂ ಸೇರಿ ಫಲಿತಾಂಶವನ್ನು ತಿರುಗಿಸಿದವು. ಸೆಪ್ಟೆಂಬರ್ 11ರಂದು ಶ್ರೀ ಮಂಜುನಾಥ ರೆಡ್ಡಿಯವರು ಮೇಯರ್ ಆದರು. ಮಹಾಲಕ್ಷ್ಮಿ ಲೇಔಟಿನ ಶಾಸಕರಾದ ಶ್ರೀ ಕೆ. ಗೋಪಾಲಯ್ಯನವರ ಪತ್ನಿ, ವೃಷಭಾವತಿನಗರದ ಸದಸ್ಯೆ ಶ್ರೀಮತಿ ಹೇಮಲತಾ ಗೋಪಾಲಯ್ಯನವರು ಉಪಮೇಯರ್ ಆದರು.

ಒಂದೇ ಮನೆಯಲ್ಲಿ ಎರಡು ಅಧಿಕಾರಗಳು ಸೇರಿದುದರಲ್ಲಿ ಕಾನೂನಿಗೆ ವಿರುದ್ಧವಾದುದು ಏನೂ ಇಲ್ಲ. ಇಬ್ಬರೂ ಜನರ ಮತದಿಂದಲೇ ಬಂದವರು. ಆದರೆ ಒಂದನ್ನು ಗಮನಿಸಬೇಕು. ಉಪಮೇಯರ್ ಪದವಿ ಒಂದೇ ವರ್ಷದಲ್ಲಿ ಮುಗಿಯಿತು. ಶಾಸಕರ ಪಯಣ ಮುಂದೆ ಸಾಗಿತು: 2013 ಮತ್ತು 2018ರಲ್ಲಿ ಜನತಾದಳದಿಂದ ಗೆದ್ದ ಗೋಪಾಲಯ್ಯನವರು 2019ರಲ್ಲಿ ರಾಜೀನಾಮೆಯಿತ್ತು, ಅನರ್ಹತೆಗೆ ಒಳಗಾಗಿ, ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಭಾಜಪದಿಂದ ಗೆದ್ದು, 2020ರಲ್ಲಿ ಸಚಿವರಾಗಿ, 2023ರಲ್ಲಿ ಪುನಃ ಆಯ್ಕೆಯಾದರು. ಪಕ್ಷ ಬದಲಾಯಿಸಿದುದರ ಗುಣದೋಷಗಳನ್ನು ಮತದಾರರೇ ವಿಚಾರಿಸಿದ್ದಾರೆ. ನಮ್ಮ ಮಾತು ಇಷ್ಟೇ: ಒಂದು ಪದವಿಗೆ ಕಾಲಾವಕಾಶವಿದೆ, ಇನ್ನೊಂದಕ್ಕೆ ಇಲ್ಲ. ಒಂದು ವರ್ಷದ ಗುತ್ತಿಗೆದಾರನು ತೋಟದಲ್ಲಿ ತೆಂಗಿನ ಸಸಿ ನೆಡುವನೇ?

ಇದರ ಫಲವನ್ನು ಉಣ್ಣುವವರು ಸಾಮಾನ್ಯ ಜನರು. 2017ರ ಮೇ ತಿಂಗಳ ಮಳೆಯಲ್ಲಿ ಇದೇ ಕ್ಷೇತ್ರದ ಕುರುಬರಹಳ್ಳಿಯ ರಾಜಕಾಲುವೆಯಲ್ಲಿ ಕೆಲಸದಾಳೊಬ್ಬನು ಕೊಚ್ಚಿಹೋದನು. ಆಗ ಎಚ್ಚರಿಕೆಯ ಮಾತುಗಳು ಬೇಕಾದಷ್ಟು ಕೇಳಿಬಂದವು. ಅದೇ ವರ್ಷದ ಅಕ್ಟೋಬರ್ 13ರ ರಾತ್ರಿ ಕುರುಬರಹಳ್ಳಿಯಲ್ಲಿ ಕಾಲುವೆಯು ಮತ್ತೆ ಉಕ್ಕಿ ಇನ್ನಷ್ಟು ಜೀವಗಳನ್ನು ಒಯ್ದಿತು. ಈ ಎರಡು ಮಳೆಗಳ ನಡುವೆ, ಸೆಪ್ಟೆಂಬರ್ 28ರಂದು, ನಗರದ ಮೇಯರ್ ಬದಲಾಗಿದ್ದರು. ಮೊದಲ ಸಾವನ್ನು ಕಂಡವರು ಪೀಠದಿಂದ ಇಳಿದಿದ್ದರು. ಎರಡನೆಯ ದುರಂತವನ್ನು ಕಂಡವರು ಪೀಠಕ್ಕೆ ಬಂದು ಎರಡು ವಾರಗಳಾಗಿದ್ದವು. ಇಬ್ಬರ ಮೇಲೆಯೂ ನಾವು ತಪ್ಪು ಹೊರಿಸಲಾರೆವು. ಹೊರಿಸಲಾಗದಂತಹ ಏರ್ಪಾಟೇ ನಿಜವಾದ ದೋಷ. ಹೊಣೆಯನ್ನು ಹೊರಲು ಯಾರೂ ಇಲ್ಲದ ಊರಿನಲ್ಲಿ ನೀರು ತನಗೆ ಬೇಕಾದ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

2020ರ ಸೆಪ್ಟೆಂಬರಿನಲ್ಲಿ ಆ ಸಭೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಗರಕ್ಕೆ ಚುನಾಯಿತ ಸಭೆಯೇ ಇಲ್ಲದೆ ಹೋಯಿತು. ಅಧಿಕಾರಿಗಳೇ ಆಳಿದರು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯ ಮೇರೆಗೆ 2025ರ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಸ್ಥಾಪಿತವಾದವು; ಮಹಾಲಕ್ಷ್ಮಿ ಲೇಔಟ್ ಪಶ್ಚಿಮ ಪಾಲಿಕೆಗೆ ಸೇರಿತು. ಮೇಯರನ ಅವಧಿಯನ್ನು 30 ತಿಂಗಳಿಗೆ ಏರಿಸಿದುದು ಸಂತೋಷದ ಸಂಗತಿ. ಆದರೆ ಈ ಐದರ ಮೇಲೆ ನಿಂತಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಮೇಯರನು ಮನೆಯ ಯಜಮಾನನೋ, ಯಜಮಾನನ ಮುಂದೆ ಕೈಕಟ್ಟಿ ನಿಂತ ಕಾರ್ಯಸ್ಥನೋ ಎಂಬ ಸಂಶಯ ನಮಗೆ ಇನ್ನೂ ಹೋಗಿಲ್ಲ.

ಆದುದರಿಂದ ನಾವು ಮೂರು ಸಲಹೆಗಳನ್ನು ಮುಂದಿಡುತ್ತೇವೆ. ಮೊದಲನೆಯದು, ಸಭೆಯ ಅವಧಿ ಐದು ವರ್ಷವಾದರೆ ಮೇಯರನ ಅವಧಿಯೂ ಐದು ವರ್ಷವಿರಲಿ. ಎರಡನೆಯದು, ಕಾಲುವೆ, ಕಸ, ಬೀದಿ ಈ ಮೂರರ ಹಣವೂ ಹೊಣೆಯೂ ಅವನ ಕೈಯಲ್ಲಿಯೇ ಇರಲಿ. ಮೂರನೆಯದು, ಒಬ್ಬರಿಗೆ ಒಂದೇ ಚುನಾಯಿತ ಸ್ಥಾನ. ಶಾಸಕನು ಮೇಯರ್ ಆಗಬಯಸಿದರೆ ಧಾರಾಳವಾಗಿ ಬರಲಿ, ಆದರೆ ವಿಧಾನಸಭೆಯ ಸ್ಥಾನವನ್ನು ಬಿಟ್ಟು ಬರಲಿ. ಹಾಗೆ ಬಿಟ್ಟು ಬರುವಷ್ಟು ಗೌರವ ಈ ಪೀಠಕ್ಕೆ ಎಂದು ಬರುವುದೋ ಅಂದೇ ಬೆಂಗಳೂರಿಗೆ ನಿಜವಾದ ಪೌರಾಡಳಿತ ಬಂದಿತೆಂದು ತಿಳಿಯಬಹುದು.

ಮತದಾರ ಬಂಧುಗಳಿಗೂ ಒಂದು ಮಾತು. ಪಾಲಿಕೆಯ ಚುನಾವಣೆಯನ್ನು ವಿಧಾನಸೌಧದ ಮೆಟ್ಟಿಲೆಂದು ಭಾವಿಸುವವರನ್ನು ಗುರುತಿಸಿರಿ. ಮತ ಕೇಳಲು ಬಾಗಿಲಿಗೆ ಬಂದವರನ್ನು, ಮುಂದಿನ ಮಳೆಗಾಲದೊಳಗೆ ಕುರುಬರಹಳ್ಳಿಯ ಕಾಲುವೆಗೆ ಏನು ಮಾಡುವಿರೆಂದು ಕೇಳಿರಿ. ಉತ್ತರ ಬಲ್ಲವರಿಗೆ ಮತ ಕೊಡಿರಿ.